ಪದೇ ಪದೇ ಗಾಯಗೊಳ್ಳುವ ಪಿಚರ್‌ಗೆ ತಂಡಗಳು ಯಾಕೆ ಅಷ್ಟು ಹಣ ಸುರಿಯುತ್ತವೆ?

ನೀವು ಕೇಳಿದ್ದು ಇಷ್ಟು: ಬೇಸ್‌ಬಾಲ್‌ನ ಪಿಚರ್ (ಚೆಂಡು ಎಸೆಯುವವರು) ಜೇಕಬ್ ಡಿಗ್ರಾಮ್ 2021ರಲ್ಲಿ 15 ಪಂದ್ಯ, 2022ರಲ್ಲಿ 11 ಪಂದ್ಯ ಮಾತ್ರ ಶುರು ಮಾಡಿದ್ದರು, ಅಂದರೆ ಮೊದಲ ಪಿಚರ್ ಆಗಿ ಇಳಿದಿದ್ದರು, ವಯಸ್ಸು 34. ಆದರೂ ಟೆಕ್ಸಾಸ್ ರೇಂಜರ್ಸ್ 2022ರ ಡಿಸೆಂಬರ್‌ನಲ್ಲಿ ಅವರಿಗೆ 5 ವರ್ಷಕ್ಕೆ 18.5 ಕೋಟಿ ಡಾಲರ್ ಕೊಟ್ಟಿತು. ಆರೇ ಪಂದ್ಯಕ್ಕೆ ಮೊಣಕೈ ಹೋಯಿತು. ಇವರು ಗಾಯದ ಅಪಾಯವನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲವೇ?

ತಗೊಳ್ಳುತ್ತಾರೆ. ಅದೇ ಚಳಿಗಾಲದಲ್ಲಿ ರೇಂಜರ್ಸ್ ಇನ್ನು ಯಾವ ಪಿಚರ್‌ಗಳನ್ನು ಖರೀದಿಸಿತು ನೋಡಿ: ನೇಥನ್ ಇವಾಲ್ಡಿಗೆ 2 ವರ್ಷಕ್ಕೆ 3.4 ಕೋಟಿ, ಆಂಡ್ರ್ಯೂ ಹೀನಿಗೆ 2 ವರ್ಷಕ್ಕೆ 2.5 ಕೋಟಿ, ಜೊತೆಗೆ ಮಾರ್ಟಿನ್ ಪೆರೆಸ್ ಒಂದು ವರ್ಷಕ್ಕೆ ಉಳಿದರು. ಡಿಗ್ರಾಮ್ ಮುರಿದುಬೀಳಬಹುದು ಅಂತ ಗೊತ್ತಿದ್ದೇ ಮಾಡಿದ ಖರೀದಿ ಅದು. ಡಿಗ್ರಾಮ್ ಶುರು ಮಾಡಿದ ಆರಕ್ಕೆ ಆರೂ ಪಂದ್ಯ ತಂಡ ಗೆದ್ದಿತು, ಉಳಿದ ದಾರಿಯನ್ನು ಬೇರೆಯವರ ತೋಳು ನಡೆಸಿತು, 2023ರ ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್ ಸರಣಿ) ಕೂಡ ಅವರದೇ ಆಯಿತು. ಒಬ್ಬ ಪಿಚರ್‌ನ ಒಪ್ಪಂದವನ್ನು ಒಂಟಿಯಾಗಿ ಎತ್ತಿಕೊಂಡು ತೂಗಿದರೆ ಅದು ಯಾವಾಗಲೂ ಹುಚ್ಚುತನವಾಗಿಯೇ ಕಾಣುತ್ತದೆ.

ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು: ಗಾಯವಾಗದ ಪಿಚರ್ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಎಂಎಲ್‌ಬಿ (ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್) 2024ರ ಡಿಸೆಂಬರ್‌ನಲ್ಲಿ ಹೊರತಂದ ಅಧ್ಯಯನದ ಪ್ರಕಾರ, 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದ ಫಾಸ್ಟ್‌ಬಾಲ್‌ನ ಸರಾಸರಿ ವೇಗ 2024ಕ್ಕೆ 94.2 ಮೈಲಿ ಆಗಿದೆ. ಪಿಚರ್‌ಗಳು ಗಾಯಾಳುಗಳ ಪಟ್ಟಿ ಸೇರಿದ ಪ್ರಕರಣ 2005ರಲ್ಲಿ 212 ಇದ್ದದ್ದು 485ಕ್ಕೆ ಏರಿದೆ. ಕ್ರಿಕೆಟ್‌ನಲ್ಲಿ ವೇಗದ ಬೌಲರ್‌ಗೆ ಬೆನ್ನು ಹೇಗೋ ಇಲ್ಲಿ ಮೊಣಕೈ ಹಾಗೆ. ಹಾಗಾಗಿ ನಾನು ಕೇಳುವ ಪ್ರಶ್ನೆಗಳು ಮೂರು: ಯಾವ ಭಾಗ, ಎಷ್ಟು ಇನ್ನಿಂಗ್ಸ್ (ಒಂದು ಪಂದ್ಯದ ಒಂಬತ್ತು ಸುತ್ತುಗಳಲ್ಲಿ ಒಂದೊಂದು) ಕಳೆದುಹೋಗಬಹುದು, ಕಳೆದರೆ ಹಣ ಯಾರದು?

ಭಾಗದಿಂದ ಶುರು ಮಾಡೋಣ. ಮೊಣಕೈಯ ಒಳಬದಿಯ ಲಿಗಮೆಂಟ್ ಹರಿದರೆ ಟಾಮಿ ಜಾನ್ ಸರ್ಜರಿ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲು ಮಾಡಿದ್ದು, ಈಗ ಅದರ ದಾರಿ ಚೆನ್ನಾಗಿ ಸವೆದಿದೆ. 12ರಿಂದ 18 ತಿಂಗಳು ಬೇಕು, ಹೆಚ್ಚಿನವರು ಮರಳುತ್ತಾರೆ. ಎರಡನೇ ಸಲವಾದರೆ ಲೆಕ್ಕ ಬೇರೆ, ಮರಳುವವರು ಕಡಿಮೆ, ಸಮಯ ಹೆಚ್ಚು. ಭುಜ ಇನ್ನೂ ಕಷ್ಟ. ರೊಟೇಟರ್ ಕಫ್, ಲ್ಯಾಬ್ರಮ್, ಕ್ಯಾಪ್ಸೂಲ್ ಇವಕ್ಕೆ ಮೊಣಕೈಯಷ್ಟು ಖಚಿತವಾದ ರಿಪೇರಿ ಇಲ್ಲ, ಆಡಲು ಮರಳಿದರೂ ಹಳೆಯ ವೇಗ ಮರಳುವ ಭರವಸೆಯಿಲ್ಲ. ಅದಕ್ಕಿಂತ ಭಯಪಡಬೇಕಾದ್ದು ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್, ಅಂದರೆ ಕೊರಳೆಲುಬಿನ ಬಳಿ ನರ ಅಥವಾ ರಕ್ತನಾಳ ಒತ್ತಿಹೋಗುವುದು. ಸ್ಟೀಫನ್ ಸ್ಟ್ರಾಸ್‌ಬರ್ಗ್ 2019ರಲ್ಲಿ 209 ಇನ್ನಿಂಗ್ಸ್ ಎಸೆದು, ವರ್ಲ್ಡ್ ಸೀರೀಸ್ ಎಂವಿಪಿ (ಅತ್ಯುತ್ತಮ ಆಟಗಾರ) ಆಗಿ, 7 ವರ್ಷಕ್ಕೆ 24.5 ಕೋಟಿ ಡಾಲರ್ ಪಡೆದರು. ಆ ಒಪ್ಪಂದದಲ್ಲಿ ಅವರು ಶುರು ಮಾಡಿದ್ದು ಒಟ್ಟು 8 ಪಂದ್ಯ. ಹಿಂದಿನ ವರ್ಷ ಪೂರ್ತಿ ಆಡಿದ್ದಾನೆ ಅನ್ನುವುದು ಆರೋಗ್ಯದ ಸರ್ಟಿಫಿಕೇಟ್ ಅಲ್ಲ ಅನ್ನಲು ಇಷ್ಟು ಸಾಕು. ತೊಡೆಯ ಸ್ನಾಯು, ಬೆರಳ ಬೊಬ್ಬೆ ಇತ್ಯಾದಿಗೆ ನಾನು ಬೆಲೆ ಇಳಿಸುವುದಿಲ್ಲ.

"ಮುಂಗೈ ಬಿಗಿತ", "ಫ್ಲೆಕ್ಸರ್ ಸ್ಟ್ರೇನ್" ಎಂಬ ಸಣ್ಣ ಸುದ್ದಿಯನ್ನು ಮಾತ್ರ ಹಗುರವಾಗಿ ಬಿಡಬೇಡಿ. ಮುಂಗೈಯ ಆ ಸ್ನಾಯುಗಳು ಮೊಣಕೈ ಲಿಗಮೆಂಟ್‌ನ ಭಾರವನ್ನು ಹಂಚಿಕೊಳ್ಳುವಂಥವು. ಅವು ಸೋತರೆ ಮುಂದಿನ ಸರದಿ ಲಿಗಮೆಂಟ್‌ನದು. ಆಗಸ್ಟ್‌ನಲ್ಲಿ ಮುಂಗೈ ನೋವು, ಸೆಪ್ಟೆಂಬರ್‌ನಲ್ಲಿ ವಿಶ್ರಾಂತಿ, ನವೆಂಬರ್‌ನಲ್ಲಿ ಏಜೆಂಟ್ "ಪೂರ್ತಿ ಫಿಟ್" ಅನ್ನುತ್ತಾನೆ: ಈ ಸರಣಿ ಕಂಡರೆ ನಾನು ಎಂಆರ್‌ಐ ನೋಡದೆ ಒಂದು ವರ್ಷಕ್ಕಿಂತ ಹೆಚ್ಚು ಕೊಡಲಾರೆ.

ಎಂಆರ್‌ಐ ನಮ್ಮಂಥ ಹೊರಗಿನವರಿಗೆ ಸಿಗುವುದಿಲ್ಲ, ಬೇಸ್‌ಬಾಲ್ ಸವಾಂಟ್ ಎಂಬ ಅಂಕಿಅಂಶದ ಜಾಲತಾಣ ಸಿಗುತ್ತದೆ, ಅದೂ ಪುಕ್ಕಟೆ. ಪಿಚರ್‌ನ ಪುಟದಲ್ಲಿ ವರ್ಷದ ಸರಾಸರಿ ಬಿಟ್ಟು ಪಂದ್ಯವಾರು ಗ್ರಾಫ್ ತೆರೆಯಿರಿ, ಕೊನೆಯ ಆರು ಪಂದ್ಯ ನೋಡಿ. ಫೋರ್-ಸೀಮ್ ಫಾಸ್ಟ್‌ಬಾಲ್‌ನ ವೇಗ ಒಂದು ಮೈಲಿಗಿಂತ ಹೆಚ್ಚು ಕುಸಿದಿದೆಯೇ? ಚೆಂಡು ಬಿಡುವ ಎತ್ತರ ಎರಡು ಮೂರು ಇಂಚು ಕೆಳಗಿಳಿದಿದೆಯೇ? ನೋವಿದ್ದವನು ತೋಳನ್ನು ತಾನೇ ತಗ್ಗಿಸಿಕೊಳ್ಳುತ್ತಾನೆ. ಯಾವುದೋ ಒಂದು ಎಸೆತ, ಸಾಮಾನ್ಯವಾಗಿ ಸ್ಲೈಡರ್ ಅಥವಾ ಸ್ಪ್ಲಿಟರ್, ಇದ್ದಕ್ಕಿದ್ದಂತೆ ಮಾಯವಾಗಿದೆಯೇ? ಎರಡು ಸೂಚನೆ ಒಟ್ಟಿಗೆ ಸಿಕ್ಕರೆ ಅನುಮಾನಪಡಿ, ಒಂದೇ ಆದರೆ ತಂತ್ರ ಬದಲಿಸಿರಬಹುದು. ಹೋಲಿಸುವಾಗ ಏಪ್ರಿಲ್‌ಗೆ ಹಿಂದಿನ ವರ್ಷದ ಏಪ್ರಿಲ್ ಇಟ್ಟು ಹೋಲಿಸಿ. ಚಳಿಯಲ್ಲಿ ಎಲ್ಲರ ವೇಗವೂ ಕಡಿಮೆ ಇರುತ್ತದೆ, ಅದನ್ನು ಆಗಸ್ಟ್‌ಗೆ ಹೋಲಿಸಿ ಗಾಬರಿಯಾಗುವವರೂ ಖುಷಿಪಡುವವರೂ ಬಹಳ.

ಈಗ ಇನ್ನಿಂಗ್ಸ್. ಹೆಚ್ಚಿನವರು ಎಡವುವುದು ಇಲ್ಲೇ. ಒಬ್ಬ ಕಾಲ್ಪನಿಕ ಪಿಚರ್ ತಗೊಳ್ಳಿ: ಕಳೆದ ಮೂರು ವರ್ಷ 165, 90, 130 ಇನ್ನಿಂಗ್ಸ್, ವಯಸ್ಸು 31. ಸರಾಸರಿ 128 ಅಂತ ಬರೆದು ಮುಂದೆ ಹೋಗುತ್ತಾರೆ. ಆದರೆ ಗಾಯ ಸರಾಸರಿಯಲ್ಲಿ ಬರುವುದಿಲ್ಲ. ಬಂದರೆ ವರ್ಷವನ್ನೇ ನುಂಗುತ್ತದೆ. ನಾನಾದರೆ ಹೀಗೆ ಒಡೆಯುತ್ತೇನೆ: ಶೇ 30 ಸಾಧ್ಯತೆ 160 ಇನ್ನಿಂಗ್ಸ್, ಶೇ 45 ಸಾಧ್ಯತೆ 110, ಶೇ 25 ಸಾಧ್ಯತೆ ಬರೀ 20. ಕೂಡಿದರೆ ಸುಮಾರು 102. ಅವನ ಇಆರ್‌ಎ, ಅಂದರೆ 9 ಇನ್ನಿಂಗ್ಸ್‌ಗೆ ಕೊಡುವ ರನ್, 3.40 ಇರಲಿ. ಅವನಿಲ್ಲದಾಗ ಬರುವ ನಿಮ್ಮ ಆರನೇ ಸ್ಟಾರ್ಟರ್‌ನದು, ಅಂದರೆ ಪಂದ್ಯ ಶುರು ಮಾಡುವ ಐವರ ನಂತರದ ಮೀಸಲು ಪಿಚರ್‌ನದು, 4.90. ವ್ಯತ್ಯಾಸ 1.5. 102 ಇನ್ನಿಂಗ್ಸ್‌ಗೆ 17 ರನ್ ಉಳಿತಾಯ. ಹತ್ತು ರನ್‌ಗೆ ಒಂದು ಗೆಲುವು ಅಂತ ಹಿಡಿದರೆ 1.7 ಗೆಲುವು. ಒಂದು ಗೆಲುವಿಗೆ ಮಾರುಕಟ್ಟೆ ದರ 80ರಿಂದ 90 ಲಕ್ಷ ಡಾಲರ್ ಎಂಬ ಸಾಮಾನ್ಯ ಅಂದಾಜಿನಲ್ಲಿ ಅವನ ವರ್ಷದ ಬೆಲೆ ಸುಮಾರು 1.45 ಕೋಟಿ. ಏಜೆಂಟ್ 160 ಇನ್ನಿಂಗ್ಸ್ ತೋರಿಸಿ 2.25 ಕೋಟಿ ಕೇಳುತ್ತಾನೆ. ಚೌಕಾಸಿ ನಡೆಯುವುದೆಲ್ಲ ಈ 80 ಲಕ್ಷದ ನಡುವೆ.

ಅದೇ ಲೆಕ್ಕದಲ್ಲಿ ಆರನೇ ಸ್ಟಾರ್ಟರ್‌ನ ಇಆರ್‌ಎ 4.20 ಅಂತ ಹಾಕಿ ನೋಡಿ, 17 ರನ್ 9ಕ್ಕೆ ಇಳಿಯುತ್ತದೆ. ಮೀಸಲು ಚೆನ್ನಾಗಿರುವ ತಂಡಕ್ಕೆ ಈ ಪಿಚರ್‌ನಿಂದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸಿಗುವ ಲಾಭ ಕಡಿಮೆ. ಹಾಗಿದ್ದೂ ಡಾಜರ್ಸ್ ಯಾಕೆ ಇಂಥವರನ್ನೇ ಆರಿಸುತ್ತದೆ? ಅಕ್ಟೋಬರ್‌ಗೆ, ಅಂದರೆ ಪ್ಲೇಆಫ್ ಪಂದ್ಯಗಳಿಗೆ. ಬ್ಲೇಕ್ ಸ್ನೆಲ್‌ಗೆ 5 ವರ್ಷಕ್ಕೆ 18.2 ಕೋಟಿ ಕೊಟ್ಟರು. 2025ರಲ್ಲಿ ಭುಜದ ಉರಿಯೂತದಿಂದ 11 ಪಂದ್ಯ, 61⅓ ಇನ್ನಿಂಗ್ಸ್ ಅಷ್ಟೇ. ಆ ಖಾಲಿಯನ್ನು ಮೀಸಲಿನವರು ತುಂಬಿದರು. ಅಕ್ಟೋಬರ್‌ನಲ್ಲಿ ಬ್ರೂವರ್ಸ್ ಎದುರಿನ ಸರಣಿಯ ಮೊದಲ ಪಂದ್ಯದಲ್ಲಿ ಅದೇ ಸ್ನೆಲ್ 8 ಇನ್ನಿಂಗ್ಸ್‌ಗೆ ಒಂದೇ ಹಿಟ್ ಕೊಟ್ಟು 10 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದರು. ಮೀಸಲಿಲ್ಲದ ಸಣ್ಣ ಬಜೆಟ್ ತಂಡ ಇದನ್ನೇ ನಕಲು ಮಾಡಿದರೆ ಜುಲೈಗೇ ಅಂಗಡಿ ಮುಚ್ಚಬೇಕಾಗುತ್ತದೆ.

ಇನ್ನು ಹಣ ಯಾರದು ಎಂಬುದು. ಎಂಎಲ್‌ಬಿ ಒಪ್ಪಂದದಲ್ಲಿ ಆಟಗಾರ ಗಾಯಗೊಂಡು ಮನೆಯಲ್ಲಿ ಕೂತರೂ ಪೂರ್ತಿ ಹಣ ಹೋಗುತ್ತದೆ. ವಿಮೆ ಮಾಡಿಸಬಹುದು, ಆದರೆ ಹಿಂದೆ ಪೆಟ್ಟಾದ ಭಾಗವನ್ನೇ ವಿಮೆಯವರು ಹೊರಗಿಡುವುದುಂಟು, ಅಂದರೆ ಬೇಕಾದ ಕಡೆಯೇ ಕೊಡೆ ತೂತು. ಆದ್ದರಿಂದ ಅಪಾಯವನ್ನು ಕರಾರಿನೊಳಗೇ ಬರೆಯುತ್ತಾರೆ. ನನಗೆ ಅತ್ಯಂತ ಜಾಣತನದ್ದು ಅನ್ನಿಸುವುದು ಜಾನ್ ಲ್ಯಾಕಿಯದು. ರೆಡ್ ಸಾಕ್ಸ್ 2009ರ ಡಿಸೆಂಬರ್‌ನಲ್ಲಿ 5 ವರ್ಷಕ್ಕೆ 8.25 ಕೋಟಿ ಕೊಡುವಾಗ ಒಂದು ಷರತ್ತು ಹಾಕಿತು: ಮೊದಲೇ ಇದ್ದ ಮೊಣಕೈ ತೊಂದರೆಯಿಂದ ದೀರ್ಘಕಾಲ ಹೊರಗುಳಿದರೆ, ಆರನೇ ವರ್ಷ ಲೀಗ್‌ನ ಕನಿಷ್ಠ ಸಂಬಳಕ್ಕೆ ಆಡಬೇಕು. 2012 ಪೂರ್ತಿ ಅವರು ಹೊರಗಿದ್ದರು, ಷರತ್ತು ಜಾರಿಗೆ ಬಂತು, ಆ ಅಗ್ಗದ 2015ರ ಲಾಭ ಕೊನೆಗೆ ಸಿಕ್ಕಿದ್ದು ಅವರನ್ನು ವಿನಿಮಯದಲ್ಲಿ ಪಡೆದ ಕಾರ್ಡಿನಲ್ಸ್‌ಗೆ! ಕೆಂಟಾ ಮೈಡಾ ಪ್ರಕರಣ ಇನ್ನೊಂದು ಬಗೆ. ವೈದ್ಯಕೀಯ ಪರೀಕ್ಷೆಯಲ್ಲಿ ಲೋಪ ಕಂಡದ್ದರಿಂದ ಡಾಜರ್ಸ್ 8 ವರ್ಷಕ್ಕೆ ಖಾತರಿ ಕೊಟ್ಟದ್ದು 2.5 ಕೋಟಿ ಮಾತ್ರ. ಉಳಿದದ್ದು ಆಡಿದ ಪಂದ್ಯ, ಎಸೆದ ಇನ್ನಿಂಗ್ಸ್ ಎಣಿಸಿ, ವರ್ಷಕ್ಕೆ ಒಂದು ಕೋಟಿ ದಾಟುವವರೆಗೆ. ದೊಡ್ಡ ಹೆಸರಿನವರು ಇಂಥದ್ದಕ್ಕೆ ಒಪ್ಪುವುದಿಲ್ಲ, ಇನ್ನೊಂದು ತಂಡ ಷರತ್ತಿಲ್ಲದೆ ಕೊಡಲು ಕಾದಿರುತ್ತದೆ.

ಸರ್ಜರಿ ಮುಗಿಸಿಕೊಂಡು ಕೂತವರಿಗೆ ಎರಡು ವರ್ಷದ ಒಪ್ಪಂದ ರೂಢಿ: ಮೊದಲ ವರ್ಷ ಚಿಕಿತ್ಸೆಗೆ ಕಡಿಮೆ, ಎರಡನೆಯದು ಆಟಕ್ಕೆ ಹೆಚ್ಚು. ಟೈಲರ್ ಮಾಲಿಗೆ ರೇಂಜರ್ಸ್ ಕೊಟ್ಟದ್ದು 55 ಲಕ್ಷ, ಆಮೇಲೆ 1.65 ಕೋಟಿ. ಸರ್ಜರಿ ಆದದ್ದು 2023ರ ಮೇ, 2024ರಲ್ಲಿ ಸಿಕ್ಕಿದ್ದು ಮೂರು ಪಂದ್ಯ, 2025ರಲ್ಲಿ 2.18 ಇಆರ್‌ಎಯ 16 ಪಂದ್ಯ, ನಡುವೆ ಭುಜದ ತೊಂದರೆ. ಇಲ್ಲಿ ಸರ್ಜರಿಯ ತಿಂಗಳು ಮುಖ್ಯ. ಮೇ ಆದರೆ ಮುಂದಿನ ಸೀಸನ್‌ನ ಕೊನೆಗೆ ಒಂದಿಷ್ಟು ಸಿಗಬಹುದು, ಸೆಪ್ಟೆಂಬರ್ ಆದರೆ ಮೊದಲ ವರ್ಷ ಸೊನ್ನೆ ಅಂತಲೇ ಬರೆದುಕೊಳ್ಳಿ. ಇನ್ನೊಂದು ಗಮನಕ್ಕೆ ಬಾರದ ಖರ್ಚು: ಚಳಿಗಾಲದಲ್ಲಿ ಗಾಯಾಳುಗಳ ಪಟ್ಟಿ ಇರುವುದಿಲ್ಲ. ಗಾಯಗೊಂಡವನೂ 40 ಮಂದಿಯ ರೋಸ್ಟರ್‌ನಲ್ಲಿ (ತಂಡದ ಆಟಗಾರರ ಪಟ್ಟಿಯಲ್ಲಿ) ಒಂದು ಜಾಗ ಹಿಡಿದು ಕೂರುತ್ತಾನೆ. ವಸಂತ ಶಿಬಿರ ಶುರುವಾಗಿ 60 ದಿನದ ಪಟ್ಟಿಗೆ ಹಾಕುವ ತನಕ ಆ ಜಾಗ ಖಾಲಿಯಾಗದು, ಅದಕ್ಕಾಗಿ ಒಬ್ಬ ಎಳೆಯ ಆಟಗಾರನನ್ನು ಕಳೆದುಕೊಂಡರೂ ಕಳೆದುಕೊಂಡಿರಿ.

ವೈದ್ಯಕೀಯ ಪರೀಕ್ಷೆಯೇ ಅಂತಿಮ ಅಂತಲೂ ತಿಳಿಯಬೇಡಿ. ವರ್ಷಗಟ್ಟಲೆ ಎಸೆದ ತೋಳಿನ ಎಂಆರ್‌ಐಯಲ್ಲಿ ಏನಾದರೊಂದು ಸವೆತ ಕಂಡೇ ಕಾಣುತ್ತದೆ. ಮಸಾಹಿರೊ ತನಾಕಾಗೆ 2014ರಲ್ಲೇ ಲಿಗಮೆಂಟ್ ಸ್ವಲ್ಪ ಹರಿದಿತ್ತು. ಟಾಮಿ ಜಾನ್ ಸರ್ಜರಿ ಇಲ್ಲದೆ ಯಾಂಕೀಸ್‌ಗೆ 2020ರವರೆಗೆ ಎಸೆದರು. ಹಿಸಾಶಿ ಇವಾಕುಮಾಗೆ ಡಾಜರ್ಸ್ 2015ರ ಡಿಸೆಂಬರ್‌ನಲ್ಲಿ 3 ವರ್ಷಕ್ಕೆ 4.5 ಕೋಟಿ ಒಪ್ಪಿ, ಪರೀಕ್ಷೆಯ ನಂತರ ಹಿಂದೆ ಸರಿಯಿತು. ಮ್ಯಾರಿನರ್ಸ್ ಅವರನ್ನು ವಾಪಸ್ ಕರೆದುಕೊಂಡಿತು. 2016ರಲ್ಲಿ 33 ಪಂದ್ಯ, 199 ಇನ್ನಿಂಗ್ಸ್, ಡಾಜರ್ಸ್ ಡಾಕ್ಟರ್‌ಗಳು ನಗೆಪಾಟಲಾದರು. 2017ರಲ್ಲಿ ಭುಜ ಕೈಕೊಟ್ಟು 6 ಪಂದ್ಯ, ಆಮೇಲೆ ಎಂಎಲ್‌ಬಿಯಲ್ಲಿ ಒಂದು ಎಸೆತವೂ ಇಲ್ಲ. ಒಂದು ವರ್ಷಕ್ಕೆ ಕೊಂಡವನಿಗೆ ಅದೇ ತೋಳು ಭರ್ಜರಿ ವ್ಯಾಪಾರ, ಮೂರು ವರ್ಷಕ್ಕೆ ಕೊಂಡಿದ್ದರೆ ನಷ್ಟ.

ಡಿಗ್ರಾಮ್ ಲೆಕ್ಕ ಇನ್ನೂ ಮುಗಿದಿಲ್ಲ. 2025ರಲ್ಲಿ ಅವರು 30 ಪಂದ್ಯ ಶುರು ಮಾಡಿ 172⅔ ಇನ್ನಿಂಗ್ಸ್ ಎಸೆದರು, ಇಆರ್‌ಎ 2.97. ಮೇಲೆ ಹೇಳಿದ ಶೇ 30, 45, 25ರ ಕೋಷ್ಟಕವನ್ನು ಅವರ ಐದು ವರ್ಷಕ್ಕೆ ನೀವೇ ತುಂಬಿ ನೋಡಿ. ಈ ಚಳಿಗಾಲ ನಿಮ್ಮ ತಂಡ ಯಾರನ್ನಾದರೂ ಕೊಂಡರೆ, "ವೈದ್ಯಕೀಯ ಪರೀಕ್ಷೆ ಬಾಕಿ" ಎಂಬ ಸಾಲು ಸುದ್ದಿಯಿಂದ ಹೋಗುವ ತನಕ ಜೆರ್ಸಿ ಕೊಳ್ಳಬೇಡಿ.