ಕೇಳಿ, ಹೇಳುತ್ತೇವೆ: ಡೆಸ್ಕ್‌ಟಾಪ್‌ನ ಹಿಂಬದಿಯ ಪೋರ್ಟ್‌ಗಳು

ಡೆಸ್ಕ್‌ಟಾಪ್ ಕಂಪ್ಯೂಟರಿನ ಯುಎಸ್‌ಬಿ ಮತ್ತು ನೆಟ್‌ವರ್ಕ್ (ಲ್ಯಾನ್) ಪೋರ್ಟ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ. ಒಂದೇ ವಿಷಯವನ್ನು ಕೇಳಿದ್ದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಮಗನ ಓದಿಗೆಂದು ಬಿಡಿಭಾಗಗಳನ್ನು ಕೊಂಡು ಡೆಸ್ಕ್‌ಟಾಪ್ ಜೋಡಿಸಿಕೊಂಡಿದ್ದೇವೆ. ಹಿಂಬದಿಯಲ್ಲಿ ಎರಡು ಕಪ್ಪು, ಎರಡು ನೀಲಿ, ಒಂದು ಕೆಂಪು ಯುಎಸ್‌ಬಿ ಪೋರ್ಟ್ ಮತ್ತು ಒಂದು ಟೈಪ್-ಸಿ ಪೋರ್ಟ್ ಇವೆ. ನೀಲಿ ಪೋರ್ಟ್‌ಗಳ ತಲೆಯ ಮೇಲೆಯೇ ಲ್ಯಾನ್ ಪೋರ್ಟ್ ಕೂತಿದೆ. ಇವೆರಡಕ್ಕೂ ಸಂಬಂಧವಿದೆಯೇ? ಬಣ್ಣಗಳ ಅರ್ಥವೇನು? ಯಾವುದನ್ನು ಎಲ್ಲಿಗೆ ಸಿಕ್ಕಿಸಬೇಕು?
– ದಾವಣಗೆರೆಯ ಓದುಗರು

ಉತ್ತರ: ಲ್ಯಾನ್ ಪೋರ್ಟ್ ಮತ್ತು ಅದರ ಕೆಳಗಿನ ಯುಎಸ್‌ಬಿ ಪೋರ್ಟ್‌ಗಳು ಒಂದೇ ಲೋಹದ ಕವಚದಲ್ಲಿರುವುದು ಕೇವಲ ಜಾಗದ ಉಳಿತಾಯಕ್ಕಾಗಿ. ಎಟಿಎಕ್ಸ್ ಎಂಬ ಅಳತೆಯ ಮದರ್‌ಬೋರ್ಡಿನಲ್ಲಿ, ಅಂದರೆ ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಹಲಗೆಯಲ್ಲಿ, ಎಲ್ಲ ಪೋರ್ಟ್‌ಗಳೂ ಸುಮಾರು 16 ಸೆಂಟಿಮೀಟರ್ ಅಗಲ ಮತ್ತು ನಾಲ್ಕೂವರೆ ಸೆಂಟಿಮೀಟರ್ ಎತ್ತರದ ಒಂದೇ ತೆರಪಿನಲ್ಲಿ ಹಿಡಿಯಬೇಕಾದ್ದರಿಂದ ತಯಾರಕರು ಒಂದರ ಮೇಲೊಂದನ್ನು ಕೂರಿಸುತ್ತಾರೆ. ಒಳಗಡೆ ಇವುಗಳ ದಾರಿ ಬೇರೆ ಬೇರೆ. ಲ್ಯಾನ್ ಪೋರ್ಟಿನ ತಂತಿಗಳು ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳನ್ನು ದಾಟಿ ಪ್ರತ್ಯೇಕ ನೆಟ್‌ವರ್ಕ್ ಚಿಪ್‌ಗೆ ಹೋಗುತ್ತವೆ. ಇದು ಸಾಮಾನ್ಯವಾಗಿ ರಿಯಲ್‌ಟೆಕ್ ಅಥವಾ ಇಂಟೆಲ್ ಕಂಪನಿಯದಾಗಿರುತ್ತದೆ. ಯುಎಸ್‌ಬಿ ತಂತಿಗಳು ಬಹುಮಟ್ಟಿಗೆ ಚಿಪ್‌ಸೆಟ್ ಎಂಬ, ಬೋರ್ಡಿನ ಸಂಚಾರವನ್ನು ನೋಡಿಕೊಳ್ಳುವ ಚಿಪ್‌ಗೆ ಹೋಗುತ್ತವೆ, ಎಎಂಡಿ ರೈಜೆನ್‌ನಂಥ ಪ್ರೊಸೆಸರ್‌ಗಳಲ್ಲಿ ಕೆಲವು ಪೋರ್ಟ್‌ಗಳು ನೇರವಾಗಿ ಪ್ರೊಸೆಸರ್‌ಗೇ ಸೇರುತ್ತವೆ. ಆದ್ದರಿಂದ ನೀಲಿ ಪೋರ್ಟಿಗೆ ಪೆನ್‌ಡ್ರೈವ್ ಹಾಕಿದರೆ ಇಂಟರ್ನೆಟ್ ನಿಧಾನವಾದೀತೆಂಬ ಆತಂಕ ಬೇಡ.

ಇನ್ನು ಬಣ್ಣಗಳ ಮಾತು. ಕಪ್ಪು ಎಂದರೆ ಸಾಮಾನ್ಯವಾಗಿ 2000ದಲ್ಲಿ ಬಂದ ಯುಎಸ್‌ಬಿ 2.0, ಅಂದರೆ ಸೆಕೆಂಡಿಗೆ 480 ಮೆಗಾಬಿಟ್. ನೀಲಿ ಎಂದರೆ 2008ರಲ್ಲಿ ಬಂದ ಯುಎಸ್‌ಬಿ 3.0, ಅಂದರೆ 5 ಗಿಗಾಬಿಟ್ (5000 ಮೆಗಾಬಿಟ್). ನೀಲಿ ಬಣ್ಣವನ್ನು ಮಾನದಂಡವು ಶಿಫಾರಸು ಮಾಡಿದೆಯೇ ಹೊರತು ಕಡ್ಡಾಯ ಮಾಡಿಲ್ಲ. ಕೆಂಪಂತೂ ತಯಾರಕರ ಇಚ್ಛೆಗೆ ಬಿಟ್ಟದ್ದು: ಒಂದು ಬೋರ್ಡಿನಲ್ಲಿ ಅದು 10 ಗಿಗಾಬಿಟ್ ಪೋರ್ಟ್ ಆಗಿದ್ದರೆ, ಇನ್ನೊಂದು ಕಡೆ ಕಂಪ್ಯೂಟರ್ ಆರಿದ್ದಾಗಲೂ ಮೊಬೈಲ್ ಚಾರ್ಜ್ ಮಾಡುವ ಪೋರ್ಟ್ ಆಗಿರಬಹುದು. ಆದ್ದರಿಂದ ಬಣ್ಣಕ್ಕಿಂತ ಪೋರ್ಟಿನ ಪಕ್ಕದಲ್ಲಿ ಮುದ್ರಿಸಿರುವ 5, 10, 20 ಎಂಬ ಅಂಕಿಗಳನ್ನೂ ಬೋರ್ಡಿನ ಜೊತೆ ಬಂದ ಕೈಪಿಡಿಯನ್ನೂ ನಂಬಿ. ಹೆಸರುಗಳನ್ನು ಮಾತ್ರ ನಂಬಬೇಡಿ, ಮೊದಲು 3.0 ಎನಿಸಿಕೊಂಡಿದ್ದ ಅದೇ 5 ಗಿಗಾಬಿಟ್ ಪೋರ್ಟನ್ನು ಆಮೇಲೆ 3.1 ಜೆನ್ 1 ಎಂದೂ, ಅದಾದ ಮೇಲೆ 3.2 ಜೆನ್ 1 ಎಂದೂ ಕರೆದರು. ಪೆಟ್ಟಿಗೆಯ ಮೇಲೆ 3.2 ಎಂದು ಕಂಡಾಕ್ಷಣ ಹೊಸದೇನೋ ಸಿಕ್ಕಿತೆಂದು ಹೆಚ್ಚು ಹಣ ತೆತ್ತವರು ಬಹಳ ಮಂದಿ ಇದ್ದಾರೆ, ಅದರಲ್ಲಿ ಗ್ರಾಹಕರ ತಪ್ಪೇನೂ ಇಲ್ಲ.

ಟಾರ್ಚ್ ಹಿಡಿದು ಪೋರ್ಟಿನ ಒಳಗೆ ನೋಡಿದರೆ ಇನ್ನೂ ಖಚಿತವಾದ ಗುರುತು ಸಿಗುತ್ತದೆ. ಯುಎಸ್‌ಬಿ 2.0 ಪೋರ್ಟಿನಲ್ಲಿ ನಾಲ್ಕೇ ಲೋಹದ ಪಟ್ಟಿಗಳಿರುತ್ತವೆ: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಮಾಹಿತಿಯ ಜೋಡಿ ಒಂದೇ ಇರುವುದರಿಂದ ಒಂದು ಕ್ಷಣದಲ್ಲಿ ಒಂದೇ ದಿಕ್ಕಿಗೆ ಸಂಚಾರ. 3.0 ಪೋರ್ಟಿನಲ್ಲಿ ಈ ನಾಲ್ಕರ ಜೊತೆಗೆ ಇನ್ನೂ ಐದು ಪಟ್ಟಿಗಳಿದ್ದು, ಕಳಿಸಲು ಒಂದು ಜೋಡಿ, ಪಡೆಯಲು ಇನ್ನೊಂದು ಜೋಡಿ ಎಂದು ದಾರಿಗಳು ಬೇರೆಯಾಗಿವೆ. ಹಳೆಯ ಪೆನ್‌ಡ್ರೈವ್ ನೀಲಿ ಪೋರ್ಟಿನಲ್ಲೂ ಹೊಸದು ಕಪ್ಪು ಪೋರ್ಟಿನಲ್ಲೂ ಕೆಲಸ ಮಾಡುವುದು ಆ ಮೊದಲ ನಾಲ್ಕು ಪಟ್ಟಿಗಳು ಎರಡರಲ್ಲೂ ಸಮಾನವಾಗಿರುವುದರಿಂದ.

ಕೀಬೋರ್ಡ್, ಮೌಸ್, ಪ್ರಿಂಟರ್‌ಗಳನ್ನು ಕಪ್ಪು ಪೋರ್ಟ್‌ಗಳಿಗೆ ಹಾಕಿ, ಸೆಕೆಂಡಿಗೆ 1.5 ಮೆಗಾಬಿಟ್‌ನಲ್ಲೇ ಕೆಲಸ ಮುಗಿಸುವ ಕೀಬೋರ್ಡಿಗೆ ನೀಲಿ ಪೋರ್ಟ್ ಕೊಡುವುದು ದುಂದುಗಾರಿಕೆ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ನೀಲಿ ಸಾಕು. ಅದಕ್ಕಿಂತ ವೇಗದ ಎಸ್‌ಎಸ್‌ಡಿ ಇದ್ದರೆ 10 ಎಂದು ಬರೆದಿರುವ ಪೋರ್ಟ್ ಒಳ್ಳೆಯದು. ಟೈಪ್-ಸಿ ಎಂಬುದು ಆಕಾರದ ಹೆಸರಷ್ಟೇ, ವೇಗದ ಹೆಸರಲ್ಲ. ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಅದರಿಂದ ಮಾನಿಟರಿಗೆ ಚಿತ್ರ ಬರುತ್ತದೆಂಬ ಖಾತರಿಯೂ ಇಲ್ಲ. ಕೆಲವು ಬೋರ್ಡ್‌ಗಳಲ್ಲಿ ಇನ್ನೂ ಉಳಿದಿರುವ ದುಂಡನೆಯ ನೇರಳೆ ಮತ್ತು ಹಸಿರು ಪಿಎಸ್/2 ಪೋರ್ಟ್‌ಗಳು ಯುಎಸ್‌ಬಿಗಿಂತ ಹಿಂದಿನ ಕಾಲದವು. ಒಂದೊಂದು ಉಪಕರಣಕ್ಕೂ ಒಂದೊಂದು ಬಗೆಯ ಪೋರ್ಟ್ ಇದ್ದ ಆ ಗೊಂದಲವನ್ನು ಕೊನೆಗಾಣಿಸಲು ಇಂಟೆಲ್‌ನಲ್ಲಿ ಯುಎಸ್‌ಬಿಯನ್ನು ರೂಪಿಸಿದ ತಂಡದ ಪ್ರಮುಖರು ವಡೋದರದಲ್ಲಿ ಓದಿದ ಅಜಯ್ ಭಟ್. ಪಿಎಸ್/2 ಬಳಸುವುದಾದರೆ ಕಂಪ್ಯೂಟರ್ ಆರಿಸಿದ ಮೇಲೆಯೇ ಸಿಕ್ಕಿಸಿ, ಕೀಳಿ.

ಪ್ರಶ್ನೆ: ನಮ್ಮದು 200 ಎಂಬಿಪಿಎಸ್ (ಸೆಕೆಂಡಿಗೆ 200 ಮೆಗಾಬಿಟ್) ಸಂಪರ್ಕ. ಮೊಬೈಲಿನ ವೈಫೈಯಲ್ಲಿ 180 ದಾಟುತ್ತದೆ, ಕೇಬಲ್ ಹಾಕಿದ ಡೆಸ್ಕ್‌ಟಾಪ್‌ನಲ್ಲಿ ಎಷ್ಟು ಸಲ ಪರೀಕ್ಷಿಸಿದರೂ 94ಕ್ಕೇ ನಿಲ್ಲುತ್ತದೆ. ಅಂಗಡಿಯವರು ಮದರ್‌ಬೋರ್ಡ್ ಬದಲಿಸಿ ಎನ್ನುತ್ತಿದ್ದಾರೆ.
– ಹುಬ್ಬಳ್ಳಿಯ ಓದುಗರು

ಉತ್ತರ: ದಯವಿಟ್ಟು ಬದಲಿಸಬೇಡಿ. 94 ಎಂಬ ಅಂಕಿಯೇ ಕಾರಣವನ್ನು ಹೇಳುತ್ತಿದೆ. 100 ಮೆಗಾಬಿಟ್‌ನ ಸಂಪರ್ಕದಲ್ಲಿ ವಿಳಾಸ ಮೊದಲಾದ ಮೇಲ್ಹೊದಿಕೆಯ ಮಾಹಿತಿಯನ್ನು ಕಳೆದರೆ ಬಳಕೆಗೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ಗಿಗಾಬಿಟ್ ಸಂಪರ್ಕದಲ್ಲಿ ಇದೇ ಲೆಕ್ಕ 940ರ ಆಸುಪಾಸಿಗೆ ಬರುತ್ತದೆ. ಅಂದರೆ ನಿಮ್ಮ ಕಂಪ್ಯೂಟರ್ ಮತ್ತು ರೂಟರ್ ಪರಸ್ಪರ 100ಕ್ಕೆ ಒಪ್ಪಿಕೊಂಡು ಮಾತಾಡುತ್ತಿವೆ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗದ ಈಥರ್‌ನೆಟ್ (ಕೇಬಲ್ ಮೂಲಕದ ನೆಟ್‌ವರ್ಕ್) ಪುಟವನ್ನು ತೆರೆದು ಲಿಂಕ್ ಸ್ಪೀಡ್ ಎಂಬಲ್ಲಿ ನೋಡಿದರೆ ಇದು ಖಚಿತವಾಗುತ್ತದೆ.

ಹೀಗಾಗಲು ಬಹುಪಾಲು ಕಾರಣ ಕೇಬಲ್. ಲ್ಯಾನ್ ಪೋರ್ಟಿನಲ್ಲಿ ಎಂಟು ಸಂಪರ್ಕಗಳಿದ್ದು, ಕೇಬಲ್ಲಿನೊಳಗೆ ಹೆಣೆದ ನಾಲ್ಕು ಜೋಡಿ ತಂತಿಗಳಿರುತ್ತವೆ. 100 ಮೆಗಾಬಿಟ್‌ಗೆ 1, 2, 3 ಮತ್ತು 6ನೇ ಸಂಪರ್ಕಗಳ ಎರಡು ಜೋಡಿ ಸಾಕು. 1999ರಲ್ಲಿ ಮಾನದಂಡವಾದ ತಾಮ್ರದ ಗಿಗಾಬಿಟ್ ಈಥರ್‌ನೆಟ್‌ಗೆ ನಾಲ್ಕೂ ಜೋಡಿಗಳು ಬೇಕೇ ಬೇಕು. ಉಳಿದ ನಾಲ್ಕು ತಂತಿಗಳಲ್ಲಿ ಒಂದು ತುಂಡಾಗಿದ್ದರೂ, ಕನೆಕ್ಟರಿನೊಳಗೆ ಸರಿಯಾಗಿ ಕಚ್ಚಿಕೊಂಡಿರದಿದ್ದರೂ, ಹೆಚ್ಚಿನ ನೆಟ್‌ವರ್ಕ್ ಚಿಪ್‌ಗಳು ಸಂಪರ್ಕವನ್ನು ಕಡಿಯುವ ಬದಲು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ಇಂಟರ್ನೆಟ್ ಬರುತ್ತಲೇ ಇರುವುದರಿಂದ ದೋಷ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯಬಹುದು.

ಮೊದಲು ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಮೈಮೇಲೆ ಮುದ್ರಿಸಿರುವ ರೆಡಿಮೇಡ್ ಕೇಬಲ್ ಹಾಕಿ ನೋಡಿ. ಸರಿಹೋದರೆ ಗೋಡೆಯುದ್ದಕ್ಕೂ ಎಳೆದಿರುವ ಕೇಬಲ್ಲಿನ ಎರಡೂ ತುದಿಗಳನ್ನು ಮತ್ತೆ ಕ್ರಿಂಪ್ ಮಾಡಿಸಿ, ಅಂದರೆ ತಂತಿಗಳನ್ನು ಕನೆಕ್ಟರಿಗೆ ಒತ್ತಿ ಕೂರಿಸಿ. ಕ್ರಿಂಪ್ ಮಾಡುವಾಗ ಎರಡೂ ಕಡೆ ಒಂದೇ ಕ್ರಮ ಇದ್ದರಾಯಿತೆಂದು ಜೋಡಿಗಳನ್ನು ಸಾಲಾಗಿ ಒತ್ತಿಬಿಡುವವರಿದ್ದಾರೆ. ಅದು ಸರಿಯಲ್ಲ. 3 ಮತ್ತು 6ನೇ ಸಂಪರ್ಕಗಳಿಗೆ ಒಂದೇ ಹೆಣಿಗೆಯ ಜೋಡಿ ಹೋಗಬೇಕು. ತಪ್ಪಿದರೆ ಅಕ್ಕಪಕ್ಕದ ಸಂಕೇತಗಳು ಒಂದಕ್ಕೊಂದು ಅಡ್ಡಬರುತ್ತವೆ, ಕೇಬಲ್ ಟೆಸ್ಟರಿನ ಎಂಟೂ ದೀಪಗಳು ಉರಿದರೂ ವೇಗ ಬರುವುದಿಲ್ಲ. ಕಿತ್ತಳೆಯ ಬಿಳಿಪಟ್ಟೆ, ಕಿತ್ತಳೆ, ಹಸಿರಿನ ಬಿಳಿಪಟ್ಟೆ, ನೀಲಿ, ನೀಲಿಯ ಬಿಳಿಪಟ್ಟೆ, ಹಸಿರು, ಕಂದಿನ ಬಿಳಿಪಟ್ಟೆ, ಕಂದು: ಈ ಕ್ರಮವನ್ನು ಬರೆದಿಟ್ಟುಕೊಂಡು, ಕೆಲಸ ಮಾಡುವವರ ಪಕ್ಕ ನಿಂತು ನೋಡುವುದರಲ್ಲಿ ಸಂಕೋಚವೇನೂ ಬೇಡ. ಹೊಸ ಕೇಬಲ್ಲಿನಲ್ಲೂ 94 ಬಂದರೆ ರೂಟರನ್ನು ಪರೀಕ್ಷಿಸಿ. ವೈಫೈ ವೇಗವಾಗಿದ್ದರೂ ಲ್ಯಾನ್ ಪೋರ್ಟ್‌ಗಳು 100ರವೇ ಆಗಿರುವ ಅಗ್ಗದ ರೂಟರ್‌ಗಳು ಮಾರುಕಟ್ಟೆಯಲ್ಲಿವೆ. ಲ್ಯಾನ್ ಪೋರ್ಟಿನ ದೀಪದ ಬಣ್ಣ ನೋಡಿ ವೇಗ ಹೇಳಬಹುದಾದರೂ ಯಾವ ಬಣ್ಣಕ್ಕೆ ಯಾವ ವೇಗ ಎಂಬುದು ಬೋರ್ಡಿನಿಂದ ಬೋರ್ಡಿಗೆ ಬದಲಾಗುತ್ತದೆ.

ಪ್ರಶ್ನೆ: ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕನ್ನು ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ ಹಾಕಿದರೆ ನಿಧಾನ, ಹಿಂದೆ ಹಾಕಿದರೆ ವೇಗ. ಆದರೆ ಹಿಂದೆ ಹಾಕಿದಾಗ ಪಕ್ಕದಲ್ಲಿ ರಿಸೀವರ್ ಇರುವ ವೈರ್‌ಲೆಸ್ ಮೌಸ್ ತಡವರಿಸುತ್ತದೆ.
– ಮೈಸೂರಿನ ಓದುಗರು

ಉತ್ತರ: ಮುಂದಿನ ಪೋರ್ಟ್‌ಗಳು ಕ್ಯಾಬಿನೆಟ್ಟಿನ ಭಾಗ, ಒಳಗಿನಿಂದ ತಂತಿ ಎಳೆದು ಮದರ್‌ಬೋರ್ಡಿನ ಪಿನ್‌ಗಳಿಗೆ ಜೋಡಿಸಿರುತ್ತಾರೆ. ಯುಎಸ್‌ಬಿ 2.0ಗೆ 9 ಪಿನ್‌ಗಳ ಚಿಕ್ಕ ಜೋಡಣೆ, 3.0ಗೆ 19 ಪಿನ್‌ಗಳ ದಪ್ಪನೆಯದು. ಎರಡನೆಯದರ ಪಿನ್‌ಗಳು ಸುಲಭವಾಗಿ ಬಾಗುವುದರಿಂದ, ಅಥವಾ ಬೋರ್ಡಿನಲ್ಲಿ ಆ ಜೋಡಣೆಯೇ ಇಲ್ಲದಿರುವುದರಿಂದ, ಅಡಾಪ್ಟರ್ ಹಾಕಿ 2.0 ಪಿನ್‌ಗಳಿಗೆ ಸೇರಿಸಿಬಿಡುವುದುಂಟು. ಆಗ ಪೋರ್ಟ್ ನೀಲಿಯಾಗಿದ್ದರೂ ಫೈಲ್ ಸಾಗುವುದು ಸೆಕೆಂಡಿಗೆ 35ರಿಂದ 40 ಮೆಗಾಬೈಟ್‌ನಲ್ಲೇ (ಒಂದು ಬೈಟ್ ಎಂದರೆ ಎಂಟು ಬಿಟ್). ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು ಆ ತಂತಿ ಎಲ್ಲಿಗೆ ಹೋಗಿದೆಯೆಂದು ನೋಡಿ. ವಿದ್ಯುತ್ತಿನಲ್ಲೂ ವ್ಯತ್ಯಾಸವಿದೆ: ಮಾನದಂಡದ ಪ್ರಕಾರ 2.0 ಪೋರ್ಟ್ 500 ಮಿಲಿಆಂಪಿಯರ್ ಕೊಟ್ಟರೆ 3.0 ಪೋರ್ಟ್ 900 ಕೊಡುತ್ತದೆ. ಮುಂದೆ ಹಾಕಿದಾಗ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತುಹೋದರೆ ವಿದ್ಯುತ್ ಸಾಲದಿರುವುದೇ ಕಾರಣವಿರಬಹುದು.

ಮೌಸ್ ತಡವರಿಸುವುದು ನಿಮ್ಮ ಭ್ರಮೆಯಲ್ಲ. 3.0 ಪೋರ್ಟ್ ಭರದಿಂದ ಕೆಲಸ ಮಾಡುವಾಗ ಹೊಮ್ಮುವ ರೇಡಿಯೊ ಗದ್ದಲವು ವೈರ್‌ಲೆಸ್ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೂ ಹರಡಿರುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಪ್ರಕಟಿಸಿದೆ. ರಿಸೀವರನ್ನು ಮುಂದಿನ ಪೋರ್ಟಿಗೆ, ಡಿಸ್ಕನ್ನು ಹಿಂದಿನ ಪೋರ್ಟಿಗೆ ಹಾಕಿದರೆ ಎರಡೂ ದೂರುಗಳು ಒಟ್ಟಿಗೆ ತೀರುತ್ತವೆ.

ಪ್ರಶ್ನೆ: ಶಟ್‌ಡೌನ್ ಮಾಡಿದ ಮೇಲೂ ಲ್ಯಾನ್ ಪೋರ್ಟಿನ ದೀಪ ಮಿನುಗುತ್ತದೆ, ಮೌಸಿನ ಕೆಂಪು ದೀಪವೂ ಉರಿಯುತ್ತದೆ. ದೋಷವೇ?
– ತುಮಕೂರಿನ ಓದುಗರು

ಉತ್ತರ: ಅಲ್ಲ. ಪ್ಲಗ್ಗಿನಲ್ಲಿ ಕರೆಂಟ್ ಇರುವವರೆಗೆ ಪವರ್ ಸಪ್ಲೈ 5 ವೋಲ್ಟ್‌ನ ಒಂದು ಕಾಯುವ ಸಾಲನ್ನು ಜೀವಂತವಾಗಿಡುತ್ತದೆ. ನೆಟ್‌ವರ್ಕಿನಿಂದಲೋ ಕೀಬೋರ್ಡಿನಿಂದಲೋ ಕಂಪ್ಯೂಟರನ್ನು ಎಬ್ಬಿಸಲು ಅದು ಬೇಕು. ಬೇಡವೆಂದರೆ ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ ಬೋರ್ಡಿನದೇ ಸೆಟ್ಟಿಂಗ್ಸ್) ಇಆರ್‌ಪಿ ಎಂಬ ಆಯ್ಕೆಯನ್ನು ಚಾಲೂ ಮಾಡಿ, ಇಲ್ಲವೇ ಗೋಡೆಯ ಸ್ವಿಚ್ ಆರಿಸಿ.

ಪ್ರಶ್ನೆ: ಗುಡುಗು ಮಿಂಚಿನ ರಾತ್ರಿಯ ನಂತರ ಲ್ಯಾನ್ ಪೋರ್ಟ್ ಸತ್ತುಹೋಗಿದೆ, ಕಂಪ್ಯೂಟರಿನ ಉಳಿದದ್ದೆಲ್ಲ ಸರಿಯಾಗಿದೆ. ಮದರ್‌ಬೋರ್ಡ್ ಬದಲಿಸುವುದು ಅನಿವಾರ್ಯವೇ?
– ಸುಳ್ಯದ ಓದುಗರು

ಉತ್ತರ: ಅನಿವಾರ್ಯವಲ್ಲ. ಬಯಾಸ್‌ಗೆ ಹೋಗಿ ಬೋರ್ಡಿನ ಲ್ಯಾನ್ ಚಿಪ್ಪನ್ನು ನಿಷ್ಕ್ರಿಯಗೊಳಿಸಿ, ಖಾಲಿ ಇರುವ ಚಿಕ್ಕ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಗಿಗಾಬಿಟ್ ಲ್ಯಾನ್ ಕಾರ್ಡ್ ಹಾಕಿಸಿ. ಕ್ಯಾಬಿನೆಟ್ ತೆರೆಯಲು ಮನಸ್ಸಿಲ್ಲದಿದ್ದರೆ ಯುಎಸ್‌ಬಿಯಿಂದ ಲ್ಯಾನ್‌ಗೆ ಬದಲಿಸುವ ಅಡಾಪ್ಟರ್ ಸಾಕು, ಆದರೆ ಗಿಗಾಬಿಟ್ ವೇಗ ಬೇಕಿದ್ದರೆ ಅಡಾಪ್ಟರೂ 3.0 ಆಗಿರಬೇಕು, ಅದನ್ನು ಸಿಕ್ಕಿಸುವ ಪೋರ್ಟೂ 3.0 ಆಗಿರಬೇಕು. ಎರಡರಲ್ಲಿ ಕಾರ್ಡೇ ಹೆಚ್ಚು ಬಾಳಿಕೆಯದೆಂಬುದು ನಮ್ಮ ಅಭಿಪ್ರಾಯ.

ಮಿಂಚಿನ ಹೊಡೆತ ಕರೆಂಟಿನ ದಾರಿಯಿಂದ ಮಾತ್ರವಲ್ಲದೆ, ಕಂಬದಿಂದ ಕಂಬಕ್ಕೆ, ಮಾಡಿನಿಂದ ಮಾಡಿಗೆ ಎಳೆದ ತಾಮ್ರದ ತಂತಿಯಿಂದಲೂ ಬರುತ್ತದೆ. ಲ್ಯಾನ್ ಪೋರ್ಟಿನ ಟ್ರಾನ್ಸ್‌ಫಾರ್ಮರ್‌ಗಳು ಸಣ್ಣಪುಟ್ಟ ಏರಿಳಿತವನ್ನು ತಡೆಯಬಲ್ಲವೇ ಹೊರತು ಅಷ್ಟು ದೊಡ್ಡ ಹೊಡೆತವನ್ನಲ್ಲ. ಫೈಬರ್ ಸಂಪರ್ಕವಿರುವ ಮನೆಗಳಲ್ಲಿಯೂ ಫೈಬರಿನ ಡಬ್ಬಿಗೆ ಕರೆಂಟ್ ಕೊಡುವ ಅಡಾಪ್ಟರಿನ ಮೂಲಕ ಹೊಡೆತ ಒಳಬಂದು ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರನ್ನು ತಲುಪಬಹುದು. ಆದ್ದರಿಂದ ಗುಡುಗು ಶುರುವಾಗುವ ಮೊದಲೇ ಪ್ಲಗ್ಗನ್ನೂ ಲ್ಯಾನ್ ಕೇಬಲ್ಲನ್ನೂ ಕೀಳಿ. ಸ್ವಿಚ್ ಆರಿಸಿದರೆ ಸಾಲದು.

ಒಂದು ಮುನ್ಸೂಚನೆ: ಪ್ರತಿ ಲ್ಯಾನ್ ಚಿಪ್‌ಗೂ ಅದರದೇ 48 ಬಿಟ್‌ಗಳ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ, ಇರುವುದರಿಂದ ಹೊಸ ಕಾರ್ಡ್ ಹಾಕಿದಾಗ ಅದು ಬದಲಾಗುತ್ತದೆ. ನಡುವೆ ರೂಟರ್ ಇಲ್ಲದೆ ಕೇಬಲ್ ನೇರವಾಗಿ ಕಂಪ್ಯೂಟರಿಗೇ ಬಂದಿದ್ದರೆ, ಹಳೆಯ ವಿಳಾಸವನ್ನೇ ನೋಂದಾಯಿಸಿಕೊಂಡಿರುವ ಇಂಟರ್ನೆಟ್ ಸೇವೆಯವರು ಹೊಸದನ್ನು ಒಳಬಿಡದಿರಬಹುದು. ಕಾರ್ಡ್ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವ ಮುನ್ನ ಅವರಿಗೆ ಫೋನ್ ಮಾಡಿ ಹೊಸ ವಿಳಾಸವನ್ನು ಬರೆಸಿ.