ತೀರಿಹೋದ ತಾಯಿಯ ನೆನಪು ಎರಡೂವರೆ ವರ್ಷದ ಮಗುವಿಗೆ ಉಳಿಯುತ್ತದೆಯೇ?

ತಂಗಿ ತೀರಿಕೊಂಡು ಸ್ವಲ್ಪ ದಿನವಾಗಿದೆ, ಅವಳ ಮಗನಿಗೆ ಎರಡೂವರೆ ವರ್ಷ, ಅವನಿಗೆ ತಾಯಿ ನೆನಪಿರುತ್ತಾಳೆಯೇ ಎಂದು ಕೇಳಿದ್ದೀರಿ. ತಾನಾಗಿ ಉಳಿಯುವುದು ಕಷ್ಟ. ನಮ್ಮಲ್ಲಿ ಹೆಚ್ಚಿನವರ ಮೊಟ್ಟಮೊದಲ ನೆನಪು ಮೂರು-ನಾಲ್ಕು ವರ್ಷದ ವಯಸ್ಸಿನದು. ಅದಕ್ಕೂ ಹಿಂದಿನದನ್ನು ಅವನ ಪರವಾಗಿ ನೀವು ಕಾಪಾಡಬೇಕು. ಸ್ತನ ಕ್ಯಾನ್ಸರ್‌ನಿಂದ ನನ್ನ ಅಕ್ಕ ಹೋದಾಗ ಅವಳ ಮಗಳೂ ಹೆಚ್ಚುಕಡಿಮೆ ಇಷ್ಟೇ ಇದ್ದಳು. ಈಗ ಐದನೇ ತರಗತಿ.

ಮೊದಲು ತಂಗಿಯ ಮೊಬೈಲ್ ನೋಡಿ, ಇವತ್ತೇ. ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ಕೆಲವು ತಿಂಗಳಲ್ಲಿ ಬೇರೆಯವರ ಪಾಲಾಗುತ್ತದೆ. 120 ದಿನ ಬಳಸದಿದ್ದರೆ ವಾಟ್ಸ್‌ಆ್ಯಪ್ ಖಾತೆಯೂ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಮನೆಯವರೆಲ್ಲರ ಫೋನಿನಲ್ಲಿರುವ ಅವಳ ಧ್ವನಿ ಸಂದೇಶಗಳನ್ನು ಎರಡು ಕಡೆ ಉಳಿಸಿಡಿ. ಅಕ್ಕನ ಮಗಳು ಹುಟ್ಟುಹಬ್ಬದ ವಿಡಿಯೊಗಿಂತ ಹೆಚ್ಚಾಗಿ ಕೇಳುವುದು "ಪುಟ್ಟಿ, ಬರುವಾಗ ಮಂಡಕ್ಕಿ ತೆಗೆದುಕೊಂಡು ಬಾ... ಅಯ್ಯೋ, ಹಾಲು ಉಕ್ಕಿತು!" ಎಂದು ಅಕ್ಕ ನನಗೆ ಕಳಿಸಿದ್ದ ಸಂದೇಶವನ್ನು. ತಾಯಿ ಕಾರ್ಡನ್ನೂ ಎಸೆಯಬೇಡಿ. ಅದರ ಹಿಂಬದಿಯಲ್ಲಿ ಅಕ್ಕ ಮಗಳಿಗೆ ಮೊದಲ ಹಲ್ಲು ಬಂದ ದಿನವನ್ನು ಬರೆದಿಟ್ಟಿದ್ದಳು.

ಮಗು ಕೇಳಿದಾಗ "ಅಮ್ಮ ಊರಿಗೆ ಹೋಗಿದ್ದಾಳೆ", "ಮಲಗಿದ್ದಾಳೆ" ಎನ್ನಬೇಡಿ. ಊರಿಗೆ ಹೋದವರು ಬರುತ್ತಾರೆ, ಮಲಗಿದವರು ಏಳುತ್ತಾರೆ, ಅವನು ಕಾಯುತ್ತಾನೆ. ಕೆಲವು ಮಕ್ಕಳಿಗೆ ನಿದ್ದೆಯೆಂದರೆ ಭಯವೂ ಆಗುತ್ತದೆ. ತೊಡೆಯ ಮೇಲೆ ಕೂರಿಸಿಕೊಂಡು, "ಅಮ್ಮ ಸತ್ತುಹೋದಳು, ಅವಳಿಗೆ ಈಗ ನೋವಿಲ್ಲ, ಮತ್ತೆ ಬರುವುದಿಲ್ಲ" ಎಂದೇ ಹೇಳಿ. ಈ ವಯಸ್ಸಿನಲ್ಲಿ ಸಾವು ಮುಗಿದ ಮಾತು ಎಂದು ಅರ್ಥವಾಗುವುದಿಲ್ಲ, ಹತ್ತು ಸಲ ಕೇಳುತ್ತಾನೆ. ಹತ್ತು ಸಲವೂ ಅದನ್ನೇ ಹೇಳಬೇಕು. ಇದು ನಿಮಗೇ ಹೆಚ್ಚು ಕಷ್ಟ.

ಇನ್ನೊಂದು ಮಾತು. ಬಂದವರೆಲ್ಲ "ಮಗುವಿಗಾಗಿ ಜೀವ ತೇಯ್ದಳು" ಎನ್ನುತ್ತಾರೆ. ನಿಜವೇ. ಬೆಂಗಳೂರಿನಲ್ಲಿ ಕಿಮೋ ಮುಗಿಸಿ ದಾವಣಗೆರೆಗೆ ಮರಳಿದ ದಿನವೂ ಅಕ್ಕ ನಡುಗುವ ಕೈಯಲ್ಲಿ ಮಗಳಿಗೆ ತಾನೇ ತುತ್ತು ಇಡುತ್ತಿದ್ದಳು. ಆದರೆ ಬರೀ ತ್ಯಾಗದ ಕಥೆ ಕೇಳಿ ಬೆಳೆದ ಮಗುವಿಗೆ ತಾಯಿ ಫೋಟೊದಲ್ಲಿ ಹಾರ ಹಾಕಿಸಿಕೊಂಡ ದೇವರಾಗುತ್ತಾಳೆ, ಮನುಷ್ಯಳಾಗಿ ಸಿಗುವುದಿಲ್ಲ. ನಾನು ಅಕ್ಕನ ಮಗಳಿಗೆ ಬೇರೆಯದನ್ನೂ ಹೇಳುತ್ತೇನೆ: ನಿನ್ನಮ್ಮ ಮಹಾ ಹಠಮಾರಿ, ಜೋರಾಗಿ ಶಿಳ್ಳೆ ಹಾಕುತ್ತಿದ್ದಳು, ಕೂದಲು ಉದುರಿದ ತಲೆಯ ತುಂಬ ನೀನು ಬಿಂದಿ ಅಂಟಿಸಿದರೆ ಹಾಗೆಯೇ ಬಾಗಿಲಿಗೆ ಬಂದು ಹಾಲಿನವನೊಂದಿಗೆ ಲೆಕ್ಕಕ್ಕೆ ಜಗಳವಾಡಿದಳು. ಈ ಬಿಂದಿಯ ಕಥೆಯನ್ನು ಮಗಳು ತಾನೇ ಕೇಳಿ ಹೇಳಿಸಿಕೊಳ್ಳುತ್ತಾಳೆ.

ನಿಮ್ಮಲ್ಲಿ ಪದ್ಧತಿಯಿದ್ದರೆ ಪಿತೃಪಕ್ಷದಲ್ಲಿ ಮುತ್ತೈದೆಯಾಗಿ ತೀರಿಕೊಂಡವರನ್ನು ನೆನೆಯುವ ಅವಿಧವಾ ನವಮಿಯಂದು ತಂಗಿಗೆ ಇಷ್ಟವಾದದ್ದನ್ನು ಮಾಡಿ ಮಗನ ಕೈಯಿಂದಲೂ ಬಡಿಸಿಸಿ. ಮುಂದೆ ತಂಗಿಯ ಗಂಡ ಮರುಮದುವೆಯಾಗಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಅವಳ ಫೋಟೊ, ಅವಳ ಮಾತು ಆ ಮನೆಯಲ್ಲಿ ಇರಬೇಕು ಎಂಬುದನ್ನು ಅವರ ಹತ್ತಿರ ಈಗಲೇ, ಮನಸ್ಸು ಮೆದುವಾಗಿರುವಾಗಲೇ, ಮಾತಾಡಿಟ್ಟುಕೊಳ್ಳಿ.