ಮನೆಮಂದಿಯೆಲ್ಲ ಸೇರುವ ಬೇಸಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕ್ರೈಸ್ತ ಕುಟುಂಬಗಳ ಬೇಸಿಗೆ ಕೂಟಗಳ ಬಗ್ಗೆ ಬಂದ ಪತ್ರಗಳಲ್ಲಿ ಐದಕ್ಕೆ ಈ ಸಲ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಏಳು ಮನೆಗಳ ದೊಡ್ಡ ಕುಟುಂಬ. ಪವಿತ್ರಾತ್ಮ ಇಳಿದುಬಂದ ದಿನವನ್ನು ನೆನೆಯುವ ಪೆಂತೆಕೋಸ್ತ್ ಹಬ್ಬಕ್ಕೇ ಎಲ್ಲರೂ ಸೇರಬೇಕೆಂದು ಹಿರಿಯರ ಆಸೆ. ಆದರೆ ಪ್ರತಿ ವರ್ಷ ತಾರೀಖು ಬದಲಾಗಿ ರಜೆ ಹೊಂದಿಸುವುದರಲ್ಲೇ ಜಗಳವಾಗುತ್ತದೆ. ಏನು ಮಾಡಬೇಕು?

ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರವೂ ಬರಬಹುದು. ಪೆಂತೆಕೋಸ್ತ್ ಅದಕ್ಕೆ ಸರಿಯಾಗಿ ಏಳು ವಾರದ ನಂತರ, ಅಂದರೆ ಮೇ 10ರಿಂದ ಜೂನ್ 13ರೊಳಗೆ. 2026ರಲ್ಲಿ ಮೇ 24, 2027ರಲ್ಲಿ ಮೇ 16, 2028ರಲ್ಲಿ ಜೂನ್ 4. ಮನೆಗೆ ಬಂದ ಸೊಸೆಯೋ ಅಳಿಯನೋ ಹಳೆಯ ಜೂಲಿಯನ್ ಪಂಚಾಂಗದಂತೆ ಈಸ್ಟರ್ ಎಣಿಸುವ ಆರ್ಥೊಡಾಕ್ಸ್ ಸಭೆಯವರಾಗಿದ್ದರೆ ಲೆಕ್ಕ ಬೇರೆ: ಅವರಿಗೆ ಅದೇ ಹಬ್ಬ 2026ರಲ್ಲಿ ಮೇ 31, 2027ರಲ್ಲಿ ಜೂನ್ 20. 2028ರಲ್ಲಿ ಮಾತ್ರ ಇಬ್ಬರದೂ ಒಂದೇ ದಿನ. ಇವೆಲ್ಲ ಮೊದಲೇ ಗೊತ್ತಿರುವ ತಾರೀಖುಗಳು. ಮೂರು ವರ್ಷದ್ದನ್ನು ಒಂದೇ ಹಾಳೆಯಲ್ಲಿ ಬರೆದು ಏಳು ಮನೆಗೂ ಕಳಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಆದರೂ ನಮ್ಮ ಮಾತು ಕೇಳುವುದಾದರೆ ಹಬ್ಬದ ದಿನವನ್ನೇ ಹಿಡಿಯಬೇಡಿ. ಗಾಯನ ಮಂಡಳಿಯವರು, ಪಾಸ್ಟರ್, ಫಾದರ್ ಯಾರಾದರೂ ಮನೆಯಲ್ಲಿದ್ದರೆ ಅವರಿಗೆ ಆ ದಿನವೇ ಬಿಡುವಿರುವುದಿಲ್ಲ. "ಸಂತ ಪೇತ್ರ-ಪೌಲರ ಹಬ್ಬ, ಅಂದರೆ ಜೂನ್ 29 ಕಳೆದ ಮೊದಲ ಶನಿವಾರ" ಎಂಬಂಥ ಒಂದು ನಿಯಮ ಮಾಡಿಕೊಳ್ಳಿ. ವರ್ಷವರ್ಷವೂ ಮತ ಹಾಕುವ ಕುಟುಂಬಕ್ಕಿಂತ ನಿಯಮವಿರುವ ಕುಟುಂಬದಲ್ಲಿ ಹೆಚ್ಚು ಜನ ಬರುತ್ತಾರೆ.

ಪ್ರಶ್ನೆ: ನಮ್ಮಲ್ಲಿ ಅರ್ಧ ಕಥೋಲಿಕರು, ಉಳಿದವರು ಪ್ರೊಟೆಸ್ಟೆಂಟರು. ಭಾನುವಾರ ಹೊರಗೆ ಹೋದಾಗ ಆರಾಧನೆ ಹೇಗೆ? ಗುರುಗಳಾಗಿರುವ ಚಿಕ್ಕಪ್ಪ ಮರದ ಕೆಳಗೇ ಪೂಜೆ ಮಾಡೋಣ ಎನ್ನುತ್ತಾರೆ.

ಕಥೋಲಿಕರ 1983ರ ಧರ್ಮಸಂಹಿತೆಯ 932ನೇ ನಿಯಮದಂತೆ ಬಲಿಪೂಜೆ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಆರಾಧನೆ) ನಡೆಯಬೇಕಾದದ್ದು ಪವಿತ್ರ ಸ್ಥಳದಲ್ಲಿ. ಅಗತ್ಯ ಬಿದ್ದರೆ ಮಾತ್ರ ಬೇರೆ ಯೋಗ್ಯ ಜಾಗದಲ್ಲಿ. ಹತ್ತಿರ ಚರ್ಚ್ ಇರುವಾಗ ಪಿಕ್‌ನಿಕ್ ಅಗತ್ಯದ ಲೆಕ್ಕಕ್ಕೆ ಬರುವುದು ಕಷ್ಟ. ಚಿಕ್ಕಪ್ಪ ಆ ಊರಿನ ಧರ್ಮಕೇಂದ್ರದ ಗುರುಗಳನ್ನು ಮೊದಲು ಕೇಳಲಿ. ಕೇಳಿ ಪೂಜೆಯಾದರೂ, ಸಾಮಾನ್ಯವಾಗಿ ಕಥೋಲಿಕರಿಗಷ್ಟೇ ಕೊಡುವ ಪರಮಪ್ರಸಾದದ ಹೊತ್ತಿಗೆ ಅರ್ಧ ಕುಟುಂಬ ಎದ್ದು, ಅರ್ಧ ಕೂತೇ ಇರುತ್ತದೆ. ಒಟ್ಟು ಸೇರಲೆಂದೇ ಬಂದ ದಿನ ಅದು ಯಾರಿಗೂ ಹಿತವಾಗದು.

ಸುಲಭದ ದಾರಿ ಬೇರೆ ಇದೆ. ಅದೇ ಸಂಹಿತೆಯ 1248ನೇ ನಿಯಮದ ಪ್ರಕಾರ ಶನಿವಾರ ಸಂಜೆಯ ಪೂಜೆಯಿಂದಲೇ ಭಾನುವಾರ ಪೂಜೆಗೆ ಹೋಗಬೇಕಾದ ಕರ್ತವ್ಯ ಸಲ್ಲುತ್ತದೆ. ಕಥೋಲಿಕರು ಹಿಂದಿನ ಸಂಜೆ ಹೋಗಿ ಬರಲಿ (ರಜೆಯಲ್ಲಿ ಪೂಜೆಯ ಸಮಯ ಬದಲಾಗಿರಬಹುದು, ಫೋನ್ ಮಾಡಿ ಕೇಳಿ). ಪ್ರೊಟೆಸ್ಟೆಂಟರು ಬೆಳಿಗ್ಗೆ ತಮ್ಮ ಆರಾಧನೆ ಮುಗಿಸಿಕೊಳ್ಳಲಿ. ಮಧ್ಯಾಹ್ನ ಊಟಕ್ಕೆ ಮುಂಚೆ ಎಲ್ಲರಿಗೂ ಸೇರಿ ಇಪ್ಪತ್ತು ನಿಮಿಷದ ಪ್ರಾರ್ಥನೆ ಸಾಕು: ಒಂದು ಹಾಡು, ಬೈಬಲಿನ ಕೀರ್ತನೆ 133 (ಮೂರೇ ವಚನ, ಒಟ್ಟಾಗಿ ಬಾಳುವ ಸಹೋದರರ ಕುರಿತದ್ದು), ಸುವಾರ್ತೆಯ ಒಂದು ಭಾಗ, ಆ ವರ್ಷ ಅಗಲಿದವರ ಹೆಸರುಗಳು, ಒಂದು ನಿಮಿಷ ಮೌನ, ಯೇಸು ಕಲಿಸಿದ ಪ್ರಾರ್ಥನೆ, ಕೊನೆಗೆ ಹಿರಿಯರಿಂದ ಆಶೀರ್ವಾದ. ಊಟದ ನಂತರಕ್ಕೆ ಇಟ್ಟಿರೋ, ಅರ್ಧ ಜನ ನಿದ್ದೆಯಲ್ಲಿ, ಮಕ್ಕಳು ಮರದ ಮೇಲೆ.

ಎಡವುವುದು ಒಂದೇ ಕಡೆ. ಯೇಸುವಿನ ಪ್ರಾರ್ಥನೆಯಲ್ಲಿ "ಕೇಡಿನಿಂದ" ಎಂಬ ಸಾಲಿಗೆ ಕಥೋಲಿಕರು ನಿಲ್ಲಿಸುತ್ತಾರೆ, ಪ್ರೊಟೆಸ್ಟೆಂಟರು "ರಾಜ್ಯವೂ ಬಲವೂ ಮಹಿಮೆಯೂ" ಎಂದು ಮುಂದುವರಿಯುತ್ತಾರೆ. ಕೊನೆಯವರೆಗೂ ಹೇಳುತ್ತೇವೋ ಇಲ್ಲವೋ ಎಂದು ನಡೆಸಿಕೊಡುವವರು ಮೊದಲೇ ತಿಳಿಸಬೇಕು. ಹಾಡಿನದೂ ಹಾಗೆಯೇ: ಧಾಟಿ ಒಂದೇ ಇದ್ದರೂ ಪದಗಳು ಬೇರೆ. ಒಂದೇ ಪಾಠವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿ ಹಂಚಿ. ಬಯಲಲ್ಲಿ ಶ್ರುತಿ ಕೊಡಲು ವಾದ್ಯ ಇರುವುದಿಲ್ಲವಾದ್ದರಿಂದ ತಗ್ಗಿನಲ್ಲೇ ಎತ್ತಿಕೊಳ್ಳಿ. ಮೇಲಿಂದ ಶುರುವಾದ ಹಾಡು ಎರಡನೇ ಚರಣಕ್ಕೆ ಇಬ್ಬರ ಗಂಟಲಲ್ಲಿ ಮಾತ್ರ ಉಳಿಯುತ್ತದೆ.

ಪ್ರಶ್ನೆ: ಈ ಸಲ ಕೆರೆ ದಂಡೆಯಲ್ಲಿ ಕೂಟ. ಹದಿನಾಲ್ಕು ಮಕ್ಕಳು, ಅದರಲ್ಲಿ ನಾಲ್ವರು ಐದು ವರ್ಷದೊಳಗಿನವರು. ದೊಡ್ಡವರು ಮೂವತ್ತು ಮಂದಿ ಇದ್ದೇವೆ, ಸಾಲದೇ?

ಮೂವತ್ತು ಮಂದಿ ಇರುವುದೇ ಭಯದ ಸಂಗತಿ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡು ಮಾತಿಗೆ ಕೂರುತ್ತಾರೆ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮೇಲೆ ಬಂದ ಗಳಿಗೆ ಉಸಿರೆಳೆಯುವುದಕ್ಕೇ ಸಾಲದು. ಕೈಗಳು ಅಕ್ಕಪಕ್ಕ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ದಂಡೆಯಿಂದ ನೋಡಿದರೆ ಆಡುತ್ತಿದೆ ಎಂದೇ ಕಾಣುತ್ತದೆ. ಒಂದು ನಿಮಿಷದೊಳಗೆ ತಲೆ ಒಳಗೆ ಹೋಗಿರುತ್ತದೆ.

ಆದ್ದರಿಂದ ಪಾಳಿ ಕಟ್ಟಿ. ಒಮ್ಮೆಗೆ ಏಳು ಮಕ್ಕಳಿಗಿಂತ ಹೆಚ್ಚು ಇಳಿಸಬೇಡಿ, ಅವರಿಗೆ ಈಜು ಬಲ್ಲ ಇಬ್ಬರು ಕಾವಲು. ಐದರೊಳಗಿನ ಮಕ್ಕಳಿಗೆ ಈ ಲೆಕ್ಕ ಇಲ್ಲ: ಒಂದು ಮಗುವಿಗೆ ಒಬ್ಬರು, ಅವರೂ ನೀರಿನಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಪಾಳಿ ಇಪ್ಪತ್ತು ನಿಮಿಷ ಮೀರಬಾರದು, ಅದಕ್ಕಿಂತ ಹೆಚ್ಚಾದರೆ ಕಣ್ಣು ನೋಡುತ್ತದೆ, ಮನಸ್ಸು ನೋಡುವುದಿಲ್ಲ. ಕಾವಲಿನವರ ಕೊರಳಲ್ಲಿ ಸೀಟಿ ಇರಲಿ, ಕೈಯಲ್ಲಿ ಮೊಬೈಲ್ ಬೇಡ. ಪಾಳಿ ಬದಲಾಗುವಾಗ ಇಬ್ಬರೂ ಸೇರಿ ಗಟ್ಟಿಯಾಗಿ ತಲೆ ಎಣಿಸಿ, "ಇನ್ನು ನನ್ನದು" ಎಂದು ಬಾಯಿಬಿಟ್ಟು ಹೇಳಿ ಸೀಟಿ ತೆಗೆದುಕೊಳ್ಳಬೇಕು. ಮಕ್ಕಳನ್ನು ಜೋಡಿ ಮಾಡಿ. ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿದಾಗ ಜೋಡಿಗಳು ಕೈ ಹಿಡಿದು ಮೇಲೆತ್ತಲಿ.

ಊಟದ ಹೊತ್ತನ್ನು ಯಾರೂ ಅಪಾಯದ ಹೊತ್ತೆಂದು ಎಣಿಸುವುದಿಲ್ಲ. ಬಡಿಸಲು ಎಲ್ಲರೂ ಏಳುತ್ತಾರೆ, ಬೇಗ ಉಂಡ ಮಗು ಮೆಲ್ಲಗೆ ನೀರಿನ ಕಡೆ ಜಾರುತ್ತದೆ. ಊಟಕ್ಕೆ ಮುಂಚೆ ಎಲ್ಲರನ್ನೂ ಮೇಲೆ ಕರೆಸಿ, ಎಣಿಸಿ, ಸೀಟಿಯನ್ನು ಕೊನೆಯ ಪಂಕ್ತಿಯಲ್ಲಿ ಉಣ್ಣುವವರಿಗೆ ಕೊಡಿ. ನೀರಿಗೆ ಮುಖ ಮಾಡಿ ಅವರು ಕೂರಲಿ.

ಗಾಳಿ ತುಂಬಿದ ತೋಳುಪಟ್ಟಿ, ಟ್ಯೂಬು ಆಟದ ಸಾಮಾನು, ಕಾಪಾಡುವ ಸಾಧನವಲ್ಲ. ಲೈಫ್ ಜಾಕೆಟ್ ಹಾಕಿಸಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ, ಗಲ್ಲ ದಾಟಿ ಬಂದರೆ ಅದು ದೊಡ್ಡದಾಯಿತು. ಬಟ್ಟೆ ಕಿತ್ತಳೆಯೋ ಹೊಳೆಯುವ ಹಳದಿಯೋ ಆಗಿರಲಿ. ನೀಲಿ, ಬಿಳಿ ನೀರಿನೊಳಗೆ ಕಾಣುವುದಿಲ್ಲ.

ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ, ರಕ್ಷಿಸಲು ಹೋದವರೇ ಮುಳುಗಿದ್ದು ಎಷ್ಟೋ. ಉದ್ದ ಕೋಲು ಚಾಚಿ, ಅಥವಾ ಹಗ್ಗ ಕಟ್ಟಿ ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನ್ ಎಸೆಯಿರಿ. ಇವೆರಡೂ ದಂಡೆಯಲ್ಲಿ ಮೊದಲೇ ಸಿದ್ಧವಿರಲಿ. ಮೇಲೆ ತಂದವರಿಗೆ ಪ್ರಜ್ಞೆ, ಉಸಿರು ಇಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುವುದರಲ್ಲಿ ಹೊತ್ತು ಕಳೆಯಬೇಡಿ. ಮೊದಲು ಬಾಯಿಗೆ ಬಾಯಿಟ್ಟು ಐದು ಉಸಿರು, ಆಮೇಲೆ 30 ಸಲ ಎದೆಯೊತ್ತು, 2 ಉಸಿರು, ಹೀಗೇ ನೆರವು ಬರುವ ತನಕ. ಇನ್ನೊಬ್ಬರು ಆಂಬುಲೆನ್ಸ್ ಕರೆಯಲಿ. ಮಗು ಕಾಣೆಯಾದರೆ ಕಾರು, ಶೌಚಾಲಯ ಹುಡುಕುವುದು ಆಮೇಲೆ, ಮೊದಲು ನೀರು.

ಪ್ರಶ್ನೆ: ಒಂದೊಂದು ಮನೆಯಿಂದ ಒಂದೊಂದು ಅಡುಗೆ ತರುತ್ತೇವೆ. ಹೋದ ವರ್ಷ ಸಂಜೆಗೆ ಎಂಟು ಮಂದಿಗೆ ವಾಂತಿ. ಅಡುಗೆ ಕೆಟ್ಟ ವಾಸನೆ ಇರಲಿಲ್ಲ.

ವಾಸನೆ ಬರಲೇಬೇಕೆಂದಿಲ್ಲ. ಬೇಯಿಸಿದ ಅಡುಗೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಹೆಚ್ಚಿನವರು ಈ ಗಡಿಯಾರವನ್ನು ಊಟ ಹರಡಿದಾಗ ಶುರು ಮಾಡುತ್ತಾರೆ. ಅದು ಶುರುವಾಗಬೇಕಾದದ್ದು ಅಡುಗೆಯ ಬಿಸಿ 60ಕ್ಕಿಂತ ಕೆಳಗಿಳಿದಾಗ. ಪ್ರಯಾಣ, ಪ್ರಾರ್ಥನೆ, ತಡವಾಗಿ ಬಂದ ಭಾವನಿಗಾಗಿ ಕಾದದ್ದು ಎಲ್ಲ ಅದರೊಳಗೇ. ಅನ್ನದ ಬಗ್ಗೆ ಇನ್ನಷ್ಟು ಎಚ್ಚರ: ಅದರಲ್ಲಿ ಉಳಿಯುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದರೂ ಸಾಯುವುದಿಲ್ಲ, ಅದು ಬೆಳೆದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಹಿಂದಿನ ದಿನವೇ ಮಾಡುವುದಾದರೆ ದೊಡ್ಡ ಪಾತ್ರೆಯಲ್ಲೇ ಬಿಡದೆ ಅಗಲ ತಟ್ಟೆಗಳಲ್ಲಿ ಐದು ಸೆಂಟಿಮೀಟರ್ ಆಳಕ್ಕೆ ಹರಡಿ ಬೇಗ ತಣಿಸಿ, ಫ್ರಿಜ್‌ನಲ್ಲಿಡಿ. ಪಾನೀಯಕ್ಕೂ ಅಡುಗೆಗೂ ಐಸ್ ಪೆಟ್ಟಿಗೆ ಬೇರೆ ಬೇರೆ ಇರಲಿ, ಮಕ್ಕಳು ಪಾನೀಯದ ಪೆಟ್ಟಿಗೆಯನ್ನು ಐದು ನಿಮಿಷಕ್ಕೊಮ್ಮೆ ತೆರೆಯುತ್ತಾರೆ. ಪ್ರತಿ ಪಾತ್ರೆಯ ಮೇಲೆ ಅಡುಗೆ ಮುಗಿದ ಸಮಯ ಬರೆದ ಚೀಟಿ ಅಂಟಿಸಿ. ಮಿಕ್ಕಿದ್ದನ್ನು ಚೆಲ್ಲುವ ಅಧಿಕಾರ ಒಬ್ಬರಿಗೇ ಇರಲಿ, ಅವರು ಅಡುಗೆ ಮಾಡಿದವರು ಆಗಿರಬಾರದು.

ಪ್ರಶ್ನೆ: ಅರವತ್ತು ಜನರ ಗುಂಪು ಫೋಟೊ ಪ್ರತಿ ಸಲ ಕೆಡುತ್ತದೆ. ಯಾಕೆ?

ಊಟವಾದ ಮೇಲೆ ತೆಗೆಯುವುದರಿಂದ. ಪ್ರಾರ್ಥನೆ ಮುಗಿದ ಕೂಡಲೇ, ಎಲ್ಲರೂ ಒಂದೆಡೆ ಇರುವಾಗಲೇ ತೆಗೆಯಿರಿ. ನೆರಳು ಪೂರ್ತಿ ಇರುವ ಜಾಗ ಬೇಕು; ಎಲೆಗಳ ನಡುವಿನ ಬಿಸಿಲ ಚುಕ್ಕೆ ಮುಖದ ಮೇಲೆ ಬಿದ್ದರೆ ಸರಿಪಡಿಸಲಾಗದು. ನಾಲ್ಕು ಸಾಲು ಮಾಡಿ: ನೆಲದಲ್ಲಿ ಮಕ್ಕಳು, ಕುರ್ಚಿಯಲ್ಲಿ ಹಿರಿಯರು, ನಿಂತವರು, ಬೆಂಚು ಹತ್ತಿದವರು. ಕ್ಯಾಮೆರಾ ಏಣಿಯ ಮೇಲಿಂದ, ಮುಖ ಸ್ವಲ್ಪ ಮೇಲೆತ್ತಿದರೆ ಹಿಂದಿನವರು ಮರೆಯಾಗುವುದಿಲ್ಲ. ಮೊಬೈಲಿನ ಅಗಲ ಲೆನ್ಸ್ ಬಳಸಬೇಡಿ, ತುದಿಯಲ್ಲಿ ನಿಂತವರು ಹಿಗ್ಗಿ ಕಾಣುತ್ತಾರೆ. ಹಿಂದೆ ಸರಿದು ಸಾಮಾನ್ಯ ಲೆನ್ಸ್‌ನಲ್ಲೇ ತೆಗೆಯಿರಿ. ಅರವತ್ತರಲ್ಲಿ ಒಬ್ಬರಾದರೂ ಕಣ್ಣು ಮುಚ್ಚಿರುತ್ತಾರೆ, ಹಾಗಾಗಿ ಬೆನ್ನುಬೆನ್ನಿಗೆ ಹತ್ತು ಫೋಟೊ. ಹಿರಿಯರನ್ನು ಎಲ್ಲರಿಗಿಂತ ಕೊನೆಗೆ ಕರೆತಂದು ಕೂರಿಸಿ, ಮೊದಲು ಎಬ್ಬಿಸಿ ಕಳಿಸಿ.